ಕರೆಂಟು ಹೋಗಿ ಬಂದು, ಹೋಗಿ ಬಂದು, ಆಮೇಲೆ ಪೂರ್ತಿ ಹೋಗೋದ್ಯಾಕೆ?

ಪ್ರಶ್ನೆ: ಸರ್, ಗಾಳಿ ಬೀಸಿದ್ರೆ ಸಾಕು, ಕರೆಂಟು ಒಂದೆರಡು ಸೆಕೆಂಡ್ ಹೋಗಿ ಬರತ್ತೆ, ಎರಡು ಮೂರು ಸಲ ಹಿಂಗಾಗಿ ಆಮೇಲೆ ಗಂಟೆಗಟ್ಲೆ ನಾಪತ್ತೆ. ಇನ್ನೂ ನಾಲ್ಕು ಪವರ್ ಪ್ಲಾಂಟ್ ಕಟ್ಟಿದ್ರೆ ಸರಿಹೋಗಲ್ವಾ?

ಉತ್ತರ: ಹೋಗಲ್ಲ ಸರ್. ಪ್ಲಾಂಟ್ ಎಷ್ಟಿದ್ರೂ ನಿಮ್ಮ ಫೀಡರ್ ಮೇಲೆ, ಅಂದ್ರೆ ಸಬ್‌ಸ್ಟೇಷನ್ನಿಂದ ನಿಮ್ಮ ಏರಿಯಾಗೆ ಬರೋ ಲೈನ್ ಮೇಲೆ, ಕೊಂಬೆ ಬಿದ್ರೆ ನಿಮಗೆ ಕತ್ತಲೆನೇ. ಆ ಹೋಗಿ ಬರೋ ಆಟ ಇದ್ಯಲ್ಲ, ಅದು ರೀಕ್ಲೋಸರ್ ಕೆಲಸ, ಅಂದ್ರೆ ಲೈನನ್ನ ತಾನೇ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡೋ ಸ್ವಿಚ್ ಪೆಟ್ಟಿಗೆ. ಕೊಂಬೆ ತಂತಿಗೆ ತಾಗಿದ ತಕ್ಷಣ ಕಿಡಿ ಹತ್ಕೊಳ್ಳತ್ತೆ, ರೀಕ್ಲೋಸರ್ ಲೈನ್ ಆಫ್ ಮಾಡತ್ತೆ, ಕಿಡಿ ಆರತ್ತೆ, ಅಷ್ಟರಲ್ಲಿ ಕೊಂಬೆ ಕೆಳಗೆ ಬಿದ್ದಿದ್ರೆ ಮತ್ತೆ ಆನ್ ಮಾಡಿದಾಗ ಎಲ್ಲಾ ಸರಿ. ತೆರೆದ ತಂತಿ ಲೈನಲ್ಲಿ ಬರೋ ಫಾಲ್ಟ್‌ಗಳಲ್ಲಿ ಹೆಚ್ಚಿನವು ಇಂಥವೇ, ಬಂದ ಹಾಗೇ ಹೋಗ್ತವೆ. ಮೂರು ನಾಲ್ಕು ಸಲ ನೋಡಿದ್ರೂ ಹೋಗಿಲ್ಲ ಅಂದ್ರೆ ತಂತಿ ಕಡಿದಿರಬೇಕು ಅಥವಾ ತಂತಿಯನ್ನ ಕಂಬಕ್ಕೆ ತಾಗದ ಹಾಗೆ ಹಿಡಿಯೋ ಇನ್ಸುಲೇಟರ್ ಒಡೆದಿರಬೇಕು, ಆಗ ರೀಕ್ಲೋಸರ್ ಆಫ್‌ನಲ್ಲೇ ಲಾಕ್ ಆಗತ್ತೆ, ಲೈನ್‌ಮನ್ನೇ ಬರಬೇಕು. ಬೈಕೊಳ್ಳೋ ಮುಂಚೆ ಇದನ್ನ ನೆನಪಿಟ್ಕೊಳ್ಳಿ, ಆ ಪೆಟ್ಟಿಗೆ ಇಲ್ದಿದ್ರೆ ಪ್ರತಿ ಗಾಳಿಗೂ ನಿಮಗೆ ಗಂಟೆಗಟ್ಲೆ ಕತ್ತಲೆ ಆಗ್ತಿತ್ತು.

ಇನ್ನು ಆ ಗಂಟೆಗಳು. ರಿಪೇರಿಗಿಂತ ಫಾಲ್ಟ್ ಎಲ್ಲಿದೆ ಅಂತ ಹುಡುಕೋದಕ್ಕೇ ಎಷ್ಟೋ ಸಲ ಜಾಸ್ತಿ ಹೊತ್ತು ಹಿಡಿಯತ್ತೆ, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡ್ಕೊಂಡು ಕಂಬ ಕಂಬ ನೋಡ್ಕೊಂಡು ಹೋಗ್ಬೇಕಲ್ಲ. ಒಂದು ಫೀಡರಲ್ಲಿ 1000 ಮನೆ ಇದೆ ಅನ್ಕೊಳ್ಳಿ. ನಡುವೆ ಒಂದು ಸ್ವಿಚ್ಚು, ಫೀಡರಿನ ಕೊನೆಗೆ ಪಕ್ಕದ ಫೀಡರಿಂದ ಒಂದು ಜೋಡಣೆ ಇದ್ರೆ, ಕೆಟ್ಟ ಅರ್ಧವನ್ನ ಮಾತ್ರ ಬೇರೆ ಮಾಡಿ ಉಳಿದ 500 ಮನೆಗೆ ಕೆಲವೇ ನಿಮಿಷದಲ್ಲಿ ಕರೆಂಟು ಕೊಡಬಹುದು. ಕಡಿಮೆ ಖರ್ಚಲ್ಲಿ ಹೆಚ್ಚು ಲಾಭ ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ, ಇದರ ಜೊತೆ ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯೋದು.

ಕೊಂಬೆ ಅಂದ್ರೆ ಸಣ್ಣ ವಿಷಯ ಅಂತ ನಗಬೇಡಿ. ದೊಡ್ಡ ಗ್ರಿಡ್‌ನಲ್ಲಿ ಎನ್ ಮೈನಸ್ ಒನ್ ಅಂತ ನಿಯಮ ಇದೆ, ಯಾವುದೇ ಒಂದು ಲೈನ್ ಅಥವಾ ಜನರೇಟರ್ ಕೈಕೊಟ್ರೂ ಉಳಿದವು ಲೋಡ್ ಹೊರಬೇಕು. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೋದಲ್ಲಿ ಹೈ ವೋಲ್ಟೇಜ್ ಲೈನ್‌ಗಳು ಜೋತು ಬಿದ್ದು ಮರಕ್ಕೆ ತಾಗಿ ಒಂದೊಂದಾಗಿ ಟ್ರಿಪ್ ಆದ್ವು, ಕಂಟ್ರೋಲ್ ರೂಮಲ್ಲಿ ಅಲಾರಂ ಸಾಫ್ಟ್‌ವೇರ್ ಕೆಟ್ಟಿದ್ದಕ್ಕೆ ಕೂತಿದ್ದವರಿಗೆ ಗೊತ್ತೇ ಆಗ್ಲಿಲ್ಲ. ಕೊನೆಗೆ ಕೆನಡಾನೂ ಸೇರಿ ಸುಮಾರು 5 ಕೋಟಿ ಜನಕ್ಕೆ ಕರೆಂಟಿಲ್ಲ. ಅಲ್ಲಿ ಪ್ಲಾಂಟ್ ಕಮ್ಮಿ ಇತ್ತು ಅಂತ ಆಗಿದ್ದಲ್ಲ ಅದು.

ಮುಂದಿನ ಸಲ ದೂರು ಕೊಡೋವಾಗ ಎಷ್ಟು ಸಲ ಹೋಗಿ ಬಂತು, ಯಾವ ಕಡೆ ಕಿಡಿ ಕಾಣಿಸ್ತು ಅಂತ ಹೇಳಿ, ಹುಡುಕೋರಿಗೆ ಅಷ್ಟು ಕಂಬ ಉಳಿಯತ್ತೆ.