ಒಂದು ಪೋರ್ಟಿಗೆ ಇಬ್ಬರು ಯಜಮಾನರು ಬೇಡ

ಪ್ರಶ್ನೆ: ಮನೆಯ ಹಳೆಯ ಕಂಪ್ಯೂಟರಿಗೆ ಉಬುಂಟು ಸರ್ವರ್ ಎಂಬ ಲಿನಕ್ಸ್ ಹಾಕಿಕೊಂಡಿದ್ದೇನೆ. ಅನುಕೂಲವಾಗಲೆಂದು ನೆಟ್‌ವರ್ಕ್ ಸಂಪರ್ಕಗಳನ್ನು ನಿಭಾಯಿಸುವ ನೆಟ್‌ವರ್ಕ್‌ಮ್ಯಾನೇಜರನ್ನೂ ಇನ್‌ಸ್ಟಾಲ್ ಮಾಡಿದಾಗ ಅದು ಕೇಬಲ್ ಪೋರ್ಟನ್ನು ‘ಅನ್‌ಮ್ಯಾನೇಜ್ಡ್’ ಎಂದು ತೋರಿಸಿತು. ವಿಡಿಯೊ ಒಂದರಲ್ಲಿ ಹೇಳಿದಂತೆ ಖಾಲಿ ಫೈಲೊಂದನ್ನು ಸೃಷ್ಟಿಸಿದ ಮೇಲೆ ಸರಿಹೋಯಿತು. ಆದರೆ ಈಗ ಎರಡು ಐಪಿ ವಿಳಾಸಗಳು ಬರುತ್ತಿವೆ, ಬೂಟ್ ಆಗುವಾಗ ಎರಡು ನಿಮಿಷ ನಿಂತುಬಿಡುತ್ತದೆ. ಉಬುಂಟುವಿನ ಸ್ವಂತ ನೆಟ್‌ವರ್ಕ್ ಸೇವೆಯೂ ನೆಟ್‌ವರ್ಕ್‌ಮ್ಯಾನೇಜರೂ ಒಂದಕ್ಕೊಂದು ಹೊಂದುವುದಿಲ್ಲವೇ?

ಉತ್ತರ: ಹೊಂದುತ್ತವೆ. ಅವುಗಳ ನಡುವೆ ಇದ್ದ ಬೇಲಿಯನ್ನು ಕಿತ್ತವರು ನೀವು. ಸರಿಹೋಯಿತು ಎಂದು ನೀವು ಬರೆದಿರುವ ಗಳಿಗೆಯಲ್ಲೇ ಅದು ಕೆಟ್ಟಿದೆ, ಮತ್ತು ಈ ‘ಖಾಲಿ ಫೈಲಿನ ಮದ್ದು’ ಕುಡಿದು ಬಂದವರಿಗೆ ಉತ್ತರಿಸಿ ನನಗೆ ಸಾಕಾಗಿದೆ.

ಉಬುಂಟು ಸರ್ವರಿನಲ್ಲಿ ಕೇಬಲ್ ಪೋರ್ಟನ್ನು ನೋಡಿಕೊಳ್ಳುವುದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಹಿನ್ನೆಲೆ ಸೇವೆ. ಆಮೇಲೆ ಬಂದ ನೆಟ್‌ವರ್ಕ್‌ಮ್ಯಾನೇಜರ್ ಅದರ ಕೆಲಸಕ್ಕೆ ಕೈಹಾಕದಿರಲೆಂದು ಉಬುಂಟುವಿನವರು ಪ್ಯಾಕೇಜಿನ ಜೊತೆಯಲ್ಲೇ ‘10-ಗ್ಲೋಬಲಿ-ಮ್ಯಾನೇಜ್ಡ್-ಡಿವೈಸಸ್’ ಎಂಬ ಫೈಲನ್ನು ಇಟ್ಟಿರುತ್ತಾರೆ. ವೈಫೈ ಮತ್ತು ಮೊಬೈಲ್ ಮೋಡೆಮ್‌ಗಳನ್ನು ಬಿಟ್ಟು ಬೇರಾವುದನ್ನೂ ಮುಟ್ಟಬಾರದು ಎಂಬುದು ಅದರ ಸಾರ. ಅದೇ ಹೆಸರಿನ ಖಾಲಿ ಫೈಲು ಸೆಟ್ಟಿಂಗುಗಳಿರುವ ‘ಇಟಿಸಿ’ ಡೈರೆಕ್ಟರಿಯ ಕೆಳಗಿನ ನೆಟ್‌ವರ್ಕ್‌ಮ್ಯಾನೇಜರ್ ಡೈರೆಕ್ಟರಿಯಲ್ಲಿ ಇದ್ದರೆ ಮೂಲ ಫೈಲನ್ನು ಯಾರೂ ಓದುವುದಿಲ್ಲ. ‘ಅನ್‌ಮ್ಯಾನೇಜ್ಡ್’ ಎಂಬುದು ದೋಷದ ಸಂದೇಶವಲ್ಲ, ‘ಇದು ನನ್ನದಲ್ಲ’ ಎಂಬ ಮರ್ಯಾದೆಯ ಮಾತು.

ಈಗ ಇಬ್ಬರೂ ಅದೇ ಪೋರ್ಟಿನಿಂದ ರೌಟರನ್ನು ವಿಳಾಸ ಕೇಳುತ್ತಿದ್ದಾರೆ. ನೆಟ್‌ವರ್ಕ್‌ಡಿ ತನ್ನನ್ನು ಯಂತ್ರದ ಗುರುತಿನಿಂದ ಹುಟ್ಟಿಸಿದ ಡಿಯುಐಡಿ ಎಂಬ ಗುರುತುಸಂಖ್ಯೆ ಹೇಳಿ ಪರಿಚಯಿಸಿಕೊಂಡರೆ, ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಪೋರ್ಟಿನ ಹಾರ್ಡ್‌ವೇರ್ ಗುರುತಾದ ಮ್ಯಾಕ್ ವಿಳಾಸವನ್ನು ಹೇಳುತ್ತದೆ. ಹೆಸರು ಬೇರೆಬೇರೆಯಾದ್ದರಿಂದ ರೌಟರ್ ಎರಡು ಕಂಪ್ಯೂಟರುಗಳಿವೆ ಎಂದುಕೊಂಡು ಎರಡು ವಿಳಾಸ ಕೊಡುತ್ತದೆ. ‘ಐಪಿ ಅಡ್ರೆಸ್’ ಎಂಬ ಕಮಾಂಡ್ ಕೊಟ್ಟರೆ ಒಂದೇ ಪೋರ್ಟಿನ ಕೆಳಗೆ, ಉದಾಹರಣೆಗೆ, 192.168.1.7 ಮತ್ತು 192.168.1.12 ಎಂಬ ಎರಡು ಸಾಲು ಕಾಣುತ್ತವೆ. ‘ಐಪಿ ರೂಟ್’ ಕೊಟ್ಟರೆ ‘ಡಿಫಾಲ್ಟ್’ ಎಂದು ಆರಂಭವಾಗುವ ಸಾಲೂ (ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿ) ಎರಡು. ಈ ಇಬ್ಬರಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಪೂರ್ತಿ ಬದಲಾದವರಿಗೂ ಐಪಿ ವಿಳಾಸ ಬೇರೆಯಾಗುವುದು ಈ ಕಾರಣಕ್ಕೇ. ಅಂಥವರು ನೆಟ್‌ವರ್ಕ್ ಸೆಟ್ಟಿಂಗ್ ಬರೆದಿಡುವ ನೆಟ್‌ಪ್ಲಾನ್ ಫೈಲಿನಲ್ಲಿ ‘ಡಿಎಚ್‌ಸಿಪಿ-ಐಡೆಂಟಿಫೈಯರ್’ ಮುಂದೆ ‘ಮ್ಯಾಕ್’ ಎಂದು ಬರೆದರೆ ನೆಟ್‌ವರ್ಕ್‌ಡಿಯೂ ಮ್ಯಾಕ್ ವಿಳಾಸವನ್ನೇ ಹೇಳುತ್ತದೆ.

ಆ ಖಾಲಿ ಫೈಲನ್ನು ಅಳಿಸಿ ರೀಬೂಟ್ ಮಾಡಿ, ಅಷ್ಟೇ. ಸರ್ವರಿಗೆ ನೆಟ್‌ವರ್ಕ್‌ಮ್ಯಾನೇಜರ್ ಬೇಕೇಬೇಕೆಂಬ ಹಟವಿದ್ದರೆ (ಏಕೆ ಬೇಕೆಂದು ನನಗಂತೂ ತಿಳಿಯದು, ರೆಡ್ ಹ್ಯಾಟ್ 2004ರಲ್ಲಿ ಅದನ್ನು ಆರಂಭಿಸಿದಾಗ ಕಣ್ಣ ಮುಂದಿದ್ದದ್ದು ವೈಫೈ ಬದಲಿಸುತ್ತ ಓಡಾಡುವ ಲ್ಯಾಪ್‌ಟಾಪ್) ಅದನ್ನು ನೆಟ್‌ಪ್ಲಾನ್ ಮೂಲಕವೇ ಹೇಳಬೇಕು. ಉಬುಂಟು 17.10ರಿಂದ ಬಂದ ನೆಟ್‌ಪ್ಲಾನ್ ಮೂರನೆಯ ಯಜಮಾನನಲ್ಲ, ಬರೀ ಗುಮಾಸ್ತ: ಯಾಮೆಲ್ ಎಂಬ ಪಠ್ಯರೂಪದಲ್ಲಿರುವ ನಿಮ್ಮ ನೆಟ್‌ಪ್ಲಾನ್ ಫೈಲನ್ನು ಓದಿ, ಇಬ್ಬರಲ್ಲಿ ಯಾರ ಹೆಸರು ‘ರೆಂಡರರ್’ ಎಂಬ ಸಾಲಿನಲ್ಲಿದೆಯೋ ಅವರಿಗೆ ಬೇಕಾದ ಕಾನ್ಫಿಗರೇಶನ್ ಬರೆದುಕೊಟ್ಟು ಸುಮ್ಮನಾಗುತ್ತದೆ. ಆ ಸಾಲನ್ನು ಬದಲಿಸಿ, ಟ್ಯಾಬ್ ಒತ್ತದೆ ಸ್ಪೇಸ್‌ಗಳನ್ನೇ ಬಳಸಿ, ‘ನೆಟ್‌ಪ್ಲಾನ್ ಅಪ್ಲೈ’ ಬದಲು ‘ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ನೀವು ಎಂಟರ್ ಒತ್ತದಿದ್ದರೆ ಅದು ಹಳೆಯ ಸ್ಥಿತಿಗೆ ಮರಳಲು ಯತ್ನಿಸುತ್ತದೆ. ಆದರೂ ಈ ಕೆಲಸವನ್ನು ಎಸ್‌ಎಸ್‌ಎಚ್ ಮೂಲಕ ದೂರದಲ್ಲಿ ಕುಳಿತು ಮಾಡಬೇಡಿ, ಕೀಬೋರ್ಡ್ ಮತ್ತು ಮಾನಿಟರ್ ಜೋಡಿಸಿಕೊಂಡು ಕುಳಿತುಕೊಳ್ಳಿ. ಒಮ್ಮೆ ರಾತ್ರಿ ಹನ್ನೊಂದಕ್ಕೆ ನಾನು ಅವಸರದಲ್ಲಿ ‘ಅಪ್ಲೈ’ ಕೊಟ್ಟು, ಕರ್ಸರ್ ಅಲ್ಲಾಡದೆ ನಿಂತದ್ದನ್ನು ನೋಡಿ, ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಆ ಯಂತ್ರವಿದ್ದ ಊರಿಗೆ ಹೋಗಬೇಕಾಯಿತು.

ಬೂಟ್ ಆಗುವಾಗಿನ ಎರಡು ನಿಮಿಷಕ್ಕೆ ಬಹುಮಟ್ಟಿಗೆ ಕಾರಣ ಬೇರೆಯೇ ಇರುತ್ತದೆ. ಕಂಪ್ಯೂಟರಿನಲ್ಲಿ ಕೇಬಲ್ ಸಿಕ್ಕಿಸದ ಇನ್ನೊಂದು ಪೋರ್ಟ್ ಇದ್ದು ಅದರ ಹೆಸರೂ ನೆಟ್‌ಪ್ಲಾನ್ ಫೈಲಿನಲ್ಲಿದ್ದರೆ, ‘ವೇಟ್-ಆನ್‌ಲೈನ್’ ಎಂಬ ಸೇವೆ ಅದು ಎಚ್ಚರಗೊಳ್ಳಲೆಂದು 120 ಸೆಕೆಂಡು ಕಾಯುತ್ತದೆ. ಆ ಪೋರ್ಟಿನ ಕೆಳಗೆ ‘ಆಪ್ಶನಲ್: ಟ್ರೂ’ ಎಂದು ಸೇರಿಸಿ. ಆ ಸೇವೆಯನ್ನೇ ಕೊಂದುಹಾಕಿ ಎಂದು ವಿಡಿಯೊದವರು ಹೇಳುತ್ತಾರೆ. ನೆಟ್‌ವರ್ಕ್ ಬಂದ ಮೇಲೆ ತೆರೆದುಕೊಳ್ಳಬೇಕಾದ ಹಂಚಿಕೆಯ ಡಿಸ್ಕು ಮರುದಿನ ಕಾಣೆಯಾದಾಗ ಅವರು ಸಿಗುವುದಿಲ್ಲ.

ಪ್ರಶ್ನೆ: ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಬದಲಿಸಲು ‘ರಿಸಾಲ್ವ್.ಕಾನ್ಫ್’ ಫೈಲನ್ನು ತಿದ್ದಿದರೆ ಮತ್ತೆ ಹಳೆಯದೇ ಬರುತ್ತದೆ. ಫೈಲಿಗೆ ಬೀಗ ಹಾಕಬಹುದೇ?

ಉತ್ತರ: ಖಂಡಿತ ಬೇಡ. ಉಬುಂಟುವಿನಲ್ಲಿ ಅದು ಫೈಲೇ ಅಲ್ಲ, ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಸೇವೆ ಬರೆಯುವ ಫೈಲಿಗೆ ಕೊಟ್ಟಿರುವ ಕೊಂಡಿ; ಒಳಗೆ ಕಾಣುವ 127.0.0.53 ಆ ಸೇವೆಯದೇ ವಿಳಾಸ. ಕೊಂಡಿ ಅಳಿಸಿ ಹೊಸ ಫೈಲಿಗೆ ಬೀಗ ಜಡಿಯುವ ನಾಟಿವೈದ್ಯ ವಿಪಿಎನ್ ಹಾಕುವ ದಿನದವರೆಗೆ ಮಾತ್ರ ನಡೆಯುತ್ತದೆ. ಡಿಎನ್‌ಎಸ್ಸನ್ನು ನೆಟ್‌ಪ್ಲಾನ್‌ನ ‘ನೇಮ್‌ಸರ್ವರ್ಸ್’ ಕೆಳಗೆ ಬರೆಯಿರಿ.

ಪ್ರಶ್ನೆ: ಡೆಬಿಯನ್ ಡೆಸ್ಕ್‌ಟಾಪಿನಲ್ಲಿಯೂ ಪೋರ್ಟ್ ‘ಅನ್‌ಮ್ಯಾನೇಜ್ಡ್’ ಎನ್ನುತ್ತದೆ.

ಉತ್ತರ: ಅದರ ಹೆಸರು ‘ಇಂಟರ್‌ಫೇಸಸ್’ ಎಂಬ ನೆಟ್‌ವರ್ಕ್ ಫೈಲಿನಲ್ಲಿದೆ, ಅಲ್ಲಿ ಹೆಸರಿರುವುದನ್ನು ನೆಟ್‌ವರ್ಕ್‌ಮ್ಯಾನೇಜರ್ ಮುಟ್ಟುವುದಿಲ್ಲ. ಆ ಸಾಲುಗಳನ್ನು ತೆಗೆದು ನೆಟ್‌ವರ್ಕ್‌ಮ್ಯಾನೇಜರನ್ನು ಮರುಚಾಲನೆ ಮಾಡಿ. ‘ಲೋ’ ಎಂಬ ಲೂಪ್‌ಬ್ಯಾಕ್ (ಯಂತ್ರ ತನ್ನೊಡನೆ ತಾನೇ ಮಾತಾಡುವ ದಾರಿ) ಸಾಲುಗಳನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟುಗಳನ್ನು ಹೇಗೆ ತರುವುದು?

ಉತ್ತರ: ತರಬೇಡಿ, 8ರಲ್ಲೇ ಎಚ್ಚರಿಕೆ ಕೊಟ್ಟು 9ರಲ್ಲಿ ತೆಗೆದಿದ್ದಾರೆ.

ಪ್ರಶ್ನೆ: ಐಪಿ ವಿಳಾಸ ನೋಡುವ ಹಳೆಯ ‘ಇಫ್‌ಕಾನ್ಫಿಗ್’ ಕಮಾಂಡ್ ಸಿಗುತ್ತಿಲ್ಲ.

ಉತ್ತರ: ಅದರ ಬದಲು ‘ಐಪಿ’ ಕಮಾಂಡ್ ಕಲಿಯಿರಿ.