ನಾಲ್ಕು ಪಿನ್ನಿನ ಪಿಕಪ್‌ಗೆ ಎಲೆಕ್ಟ್ರಿಕ್ ಬ್ರೇಕಿನ ಟ್ರೇಲರ್

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಹಳೆಯ ಪಿಕಪ್‌ಗೆ ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್ ಇದೆ. ಈಗ ಕೊಂಡ ಎರಡು ಆಕ್ಸಲ್‌ನ ಟ್ರೇಲರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಎಲೆಕ್ಟ್ರಿಕ್ ಬ್ರೇಕ್, ಏಳು ಪಿನ್ನಿನ ಪ್ಲಗ್. ಅಡಾಪ್ಟರ್ ಸಿಕ್ಕಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ದೀಪ ಉರಿಯುತ್ತವೆ, ಬ್ರೇಕ್ ಹಿಡಿಯುವುದಿಲ್ಲ. ನಾಲ್ಕು ಪಿನ್ನಿನಲ್ಲಿ ಬರುವುದು ಅರ್ಥ್ (ಬಿಳಿ), ಟೇಲ್ ಲೈಟ್ (ಕಂದು), ಎಡ (ಹಳದಿ), ಬಲ (ಹಸಿರು) ಇಷ್ಟೇ. ಬ್ರೇಕಿನ ನೀಲಿ ವೈರನ್ನೂ ಬ್ಯಾಟರಿ ಚಾರ್ಜಿನ ಕಪ್ಪು ವೈರನ್ನೂ ನೀವೇ ಮುಂದಿನಿಂದ ಹಿಂದಕ್ಕೆ ಎಳೆಯಬೇಕು. ಏಳನೆಯದು ರಿವರ್ಸ್ ಲೈಟಿನದು, ಬೇಡವಾದರೆ ಬಿಡಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬ್ರೇಕ್ ಕಂಟ್ರೋಲರ್‌ಗೆ (ಪೆಡಲ್ ತುಳಿದಾಗ ಟ್ರೇಲರ್ ಬ್ರೇಕಿಗೆ ಕರೆಂಟ್ ಕಳಿಸುವ ಪೆಟ್ಟಿಗೆ) ನಾಲ್ಕು ವೈರು. ಕಪ್ಪು ಬ್ಯಾಟರಿ ಪಾಸಿಟಿವ್‌ಗೆ, ನಡುವೆ ಬ್ಯಾಟರಿಯ ಪಕ್ಕದಲ್ಲೇ ತಾನಾಗಿ ರೀಸೆಟ್ ಆಗುವ 20 ಆಂಪಿಯರ್ ಸರ್ಕ್ಯೂಟ್ ಬ್ರೇಕರ್. ಬಿಳಿ ಬ್ಯಾಟರಿ ನೆಗೆಟಿವ್‌ಗೆ. ಕೆಂಪು ಬ್ರೇಕ್ ಪೆಡಲಿನ ಸ್ವಿಚ್ಚಿಗೆ. ನೀಲಿ ಪಿಕಪ್ ಹಿಂದಿನ ಏಳು ಪಿನ್ನಿನ ಸಾಕೆಟ್ಟಿಗೆ. ಒಂದೊಂದು ಚಕ್ರದ ಬ್ರೇಕ್ ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 12. ಅದಕ್ಕೇ ಕಪ್ಪು, ಬಿಳಿ, ನೀಲಿ ಮೂರೂ 10 ಗೇಜಿನ ದಪ್ಪ ವೈರಿರಲಿ. ತೆಳು ವೈರು ಹಾಕಿದರೆ ದಾರಿಯಲ್ಲೇ ವೋಲ್ಟೇಜ್ ಕುಸಿದು, ಕಂಟ್ರೋಲರ್ ಪೂರ್ತಿ ಕೊಟ್ಟರೂ ಚಕ್ರಕ್ಕೆ ಬಲ ಮುಟ್ಟುವುದಿಲ್ಲ. ಚಾರ್ಜ್ ಲೈನಿಗೆ ಬೇರೆಯೇ 10 ಗೇಜ್, ಬೇರೆಯೇ ಬ್ರೇಕರ್.

ಕ್ಯಾಬಿನ್ನಿನಿಂದ ವೈರು ಹೊರಬರುವ ತೂತಿಗೆ ರಬ್ಬರ್ ಗ್ರಾಮೆಟ್ (ಅಂಚಿಗೆ ವೈರು ಉಜ್ಜದಂತೆ ತಡೆಯುವ ಬಳೆ) ಬೇಕೇ ಬೇಕು. ಚಾಸಿಯ ಉದ್ದಕ್ಕೂ ಸೈಲೆನ್ಸರ್‌ನಿಂದ ದೂರವಿಟ್ಟು ಕಟ್ಟಿ. ಸಾಕೆಟ್ಟಿನ ಬಿಳಿ ವೈರನ್ನು ಬಣ್ಣ ಕೆರೆದ ಕಬ್ಬಿಣಕ್ಕೆ ಬಿಗಿಯಿರಿ. ಎಡದ ಇಂಡಿಕೇಟರ್ ಹಾಕಿದರೆ ಎಲ್ಲ ದೀಪವೂ ಮಂಕಾಗಿ ಮಿಣುಕುವುದು ಮುಕ್ಕಾಲು ಪಾಲು ಈ ಅರ್ಥ್ ಸಡಿಲಾದದ್ದಕ್ಕೆ.

ಟ್ರೇಲರ್ ಕಡೆಯ ಬಣ್ಣವನ್ನು ಮಾತ್ರ ನಂಬಬೇಡಿ. ಕ್ಯಾಂಪರ್‌ಗಳಲ್ಲಿ ಹಸಿರು ಟೇಲ್ ಲೈಟು, ಕಂದು ಬಲದ ಇಂಡಿಕೇಟರ್ ಆಗಿರುವುದುಂಟು. ಬಣ್ಣಕ್ಕೆ ಬಣ್ಣ ಜೋಡಿಸದೆ, ಟೆಸ್ಟ್ ಲ್ಯಾಂಪ್ ಹಿಡಿದು ಯಾವ ವೈರಿನ ಕೆಲಸ ಏನೆಂದು ನೋಡಿ ಜೋಡಿಸಿ.

ಪ್ರಶ್ನೆ: ಕಂಟ್ರೋಲರ್ ಹಾಕಿದ ಮೇಲೆ ಇಂಡಿಕೇಟರ್ ಹಾಕಿದಾಗಲೆಲ್ಲ ಟ್ರೇಲರ್ ಬ್ರೇಕ್ ಹಿಡಿದು ಬಿಡುತ್ತದೆ.

ಉತ್ತರ: ಕೆಂಪು ವೈರನ್ನು ಹಿಂದಿನ ದೀಪದ ವೈರಿಗೆ ಸೇರಿಸಿದ್ದೀರಿ. ಅಮೆರಿಕದ ಎಷ್ಟೋ ಪಿಕಪ್‌ಗಳಲ್ಲಿ ಬ್ರೇಕ್ ದೀಪ, ಇಂಡಿಕೇಟರ್ ಎರಡೂ ಒಂದೇ ಬಲ್ಬು. ಪೆಡಲ್ ಸ್ವಿಚ್ಚಿನಲ್ಲೇ ಹಿಡಿಯಿರಿ, ಅದೂ ಪೆಡಲ್ ತುಳಿದಾಗ ಮಾತ್ರ 12 ವೋಲ್ಟ್ ಬರುವ ಕಡೆಯಲ್ಲಿ. ಸದಾ ಕರೆಂಟಿರುವ ಕಡೆ ಸೇರಿಸಿದರೆ ಕಂಟ್ರೋಲರ್ ಪೆಡಲ್ ತುಳಿದೇ ಇದೆ ಎಂದುಕೊಳ್ಳುತ್ತದೆ, ಡ್ರಮ್ ಕಾದು ಸೀದ ವಾಸನೆ ಬರುತ್ತದೆ. ಇತ್ತೀಚಿನ ಗಾಡಿಗಳಲ್ಲಿ ಆ ಸ್ವಿಚ್ಚಿನ ವೈರು ನೇರ ಕಂಪ್ಯೂಟರಿಗೆ ಹೋಗುತ್ತದೆ. ಅಂಥಲ್ಲಿ ವೈರು ಕತ್ತರಿಸಬೇಡಿ, ಆ ಮಾಡೆಲ್ಲಿನ ರೆಡಿ ಹಾರ್ನೆಸ್ (ಪ್ಲಗ್ ಸಮೇತ ಬರುವ ವೈರಿನ ಕಟ್ಟು) ಕೊಳ್ಳಿ. ಟೋ ಪ್ಯಾಕೇಜ್ (ಟ್ರೇಲರ್ ಎಳೆಯಲೆಂದು ಕಂಪನಿಯೇ ಹಾಕಿಕೊಟ್ಟ ಸಜ್ಜು) ಇದ್ದರೆ ಡ್ಯಾಶ್‌ಬೋರ್ಡಿನ ಕೆಳಗೆ ಕಂಟ್ರೋಲರಿನ ಪ್ಲಗ್ ಮೊದಲೇ ಇರಲೂಬಹುದು.

ಪ್ರಶ್ನೆ: ಗೇನ್ ಎಷ್ಟಿಡಬೇಕು? ಬ್ರೇಕ್‌ಅವೇ ಸ್ವಿಚ್ ಪರೀಕ್ಷೆ ಹೇಗೆ?

ಉತ್ತರ: ಗೇನ್‌ಗೆ (ಕಂಟ್ರೋಲರ್ ಟ್ರೇಲರ್ ಬ್ರೇಕಿಗೆ ಎಷ್ಟು ಬಲ ಕೊಡಬೇಕೆಂಬ ಸೆಟ್ಟಿಂಗ್) ಎಲ್ಲರಿಗೂ ಹೊಂದುವ ಅಂಕಿಯಿಲ್ಲ. ಲೋಡ್ ಹೇರಿ, ಒಣಗಿದ ಸಮತಟ್ಟು ಜಾಗದಲ್ಲಿ ಗಂಟೆಗೆ 25 ಮೈಲಿಯಲ್ಲಿ ಹೋಗುತ್ತ ಕಂಟ್ರೋಲರಿನ ಕೈಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗುವವರೆಗೆ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ಲೋಡ್ ಬದಲಾದರೆ ಮತ್ತೆ ನೋಡಿ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಸುವುದು ಬ್ರೇಕ್‌ಅವೇ ಸ್ವಿಚ್. ಪರೀಕ್ಷಿಸಲು ಅದರ ಪಿನ್ ಎಳೆಯುವ ಮೊದಲು ಏಳು ಪಿನ್ನಿನ ಪ್ಲಗ್ ಬಿಚ್ಚಿರಿ. ಇಲ್ಲವಾದರೆ ಟ್ರೇಲರ್ ಬ್ಯಾಟರಿಯ ಕರೆಂಟ್ ನೀಲಿ ವೈರಿನಲ್ಲಿ ಹಿಂದಕ್ಕೆ ಬಂದು ಕಂಟ್ರೋಲರ್ ಸುಡಬಹುದು.