ಪ್ರಶ್ನೋತ್ತರ: ಅತ್ತೆಯ ಬೂದಿ, ಸೊಸೆಯ ಸೋಪು

ಪ್ರಶ್ನೆ: ಮದುವೆಯಾಗಿ ಹಾಸನದ ಹತ್ತಿರದ ಹಳ್ಳಿಗೆ ಬಂದಿದ್ದೇನೆ. ಕಾಲು ತೊಳೆಯದೆ ಒಳಗೆ ಬಂದರೆ ಅತ್ತೆಗೆ ಆಗದು. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮೊಸರು ಮುಟ್ಟಿದರೆ ಮುಸುರೆ ಎನ್ನುತ್ತಾರೆ. ನಾನು ಬಾಟಲಿ ಕಚ್ಚಿ ನೀರು ಕುಡಿದರೆ ಮುಖ ತಿರುಗಿಸುತ್ತಾರೆ. ಆದರೆ ಶೌಚಕ್ಕೆ ಹೋಗಿಬಂದು ಬೂದಿಯಲ್ಲೋ ಬರಿ ನೀರಲ್ಲೋ ಕೈ ತೊಳೆದು ಅಡುಗೆಗೆ ನಿಲ್ಲುತ್ತಾರೆ. ಹೇಳಿದರೆ, ‘ನಮ್ಮನ್ನೇ ಕೊಳಕರು ಅಂತೀಯಾ?’ ಎಂದು ನೊಂದುಕೊಳ್ಳುತ್ತಾರೆ. ಯಾರದು ಸರಿ?

ಉತ್ತರ: ನಿಮ್ಮತ್ತೆಯ ಎಂಜಲಿನ ನಿಯಮವನ್ನು ಮೊದಲು ಒಪ್ಪಿಕೊಳ್ಳಿ. ಎತ್ತಿ ಕುಡಿಯುವ ಮನೆಯಲ್ಲಿ ಒಬ್ಬರ ಜೊಲ್ಲು ಇನ್ನೊಬ್ಬರ ಬಾಯಿಗೆ ಹೋಗುವುದು ಕಡಿಮೆ. ಹೊಲ, ಕೊಟ್ಟಿಗೆಯಿಂದ ಬಂದವರು ಕಾಲು ತೊಳೆದರೆ, ಮಗು ಅಂಬೆಗಾಲಿಡುವ ನೆಲಕ್ಕೆ ಸಗಣಿ, ಮಣ್ಣು ಬರುವುದಿಲ್ಲ. ಮುಸುರೆಯ ಲೆಕ್ಕ ಮಡಿಯದು, ರೋಗಾಣುವಿನದಲ್ಲ. ಆದರೂ ಅಡುಗೆ ಮಾಡುತ್ತಾ ಹತ್ತು ಸಲ ಕೈಗೆ ನೀರು ಮುಟ್ಟಿಸುವ ಅಭ್ಯಾಸ ಅದರಿಂದಲೇ ಬಂದಿದೆ.

ಬರಿ ನೀರೂ ವ್ಯರ್ಥವಲ್ಲ. ಲಂಡನ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸ್ವಯಂಸೇವಕರು ಸಾರ್ವಜನಿಕ ಸ್ಥಳಗಳ ಬಾಗಿಲ ಹಿಡಿ, ಕಂಬಿಗಳನ್ನು ಮುಟ್ಟಿ ಬಂದರು. ಕೈ ತೊಳೆಯದಾಗ ಶೇ 44 ಪರೀಕ್ಷೆಗಳಲ್ಲಿ ಮಲದ ಬ್ಯಾಕ್ಟೀರಿಯಾ ಸಿಕ್ಕಿತು, ಬರಿ ನೀರಲ್ಲಿ ತೊಳೆದಾಗ ಶೇ 23ರಲ್ಲಿ, ಸೋಪಿನಲ್ಲಿ ತೊಳೆದಾಗ ಶೇ 8ರಲ್ಲಿ. ಚರ್ಮದ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಇರುತ್ತದೆ, ಕೊಳೆಯೂ ರೋಗಾಣುವೂ ಅದಕ್ಕೆ ಅಂಟಿಕೊಂಡಿರುತ್ತವೆ. ನೀರು ಆ ಪಸೆಯ ಮೇಲೆ ಜಾರಿಹೋಗುತ್ತದೆ, ಸೋಪು ಅದನ್ನೇ ಎಬ್ಬಿಸುತ್ತದೆ. ಬೂದಿಯಲ್ಲಿ ಕ್ಷಾರವಿದೆ, ಉಜ್ಜಿದಾಗ ಜಿಡ್ಡು ಬಿಡುತ್ತದೆ. ಸೋಪಿಲ್ಲದ ಹೊತ್ತಿನಲ್ಲಿ ಒಲೆಯ ಒಣಬೂದಿ ಬಳಸಬಹುದು, ಆದರೆ ಸೋಪಿನಷ್ಟು ಭರವಸೆ ಅದರ ಮೇಲೆ ಇಡಲಾಗದು. ಮಣ್ಣು ಮಾತ್ರ ಬೇಡವೇ ಬೇಡ, ಅದರಲ್ಲಿ ಜಂತುಹುಳುವಿನ ಮೊಟ್ಟೆಗಳು ಇರಬಹುದು.

ಇನ್ನು ಹೇಳುವ ರೀತಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಒಂದು ನಿಯಮ ತಂದರು. ಶವಪರೀಕ್ಷೆ ಮಾಡಿದವರು ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆದೇ ಹೆರಿಗೆ ಕೋಣೆಗೆ ಹೋಗಬೇಕು. ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಪಾತಾಳಕ್ಕೆ ಇಳಿಯಿತು. ಆದರೂ ತಮ್ಮ ಕೈಯೇ ರೋಗ ಹೊತ್ತು ತರುತ್ತದೆ ಎನ್ನುವುದನ್ನು ಹೆಚ್ಚಿನ ವೈದ್ಯರು ಒಪ್ಪಲಿಲ್ಲ. ಕಲಿತವರಿಗೇ ಹಾಗೆ ಅನ್ನಿಸಿದರೆ, ಜನ್ಮವಿಡೀ ಶುಚಿಗಾಗಿಯೇ ದುಡಿದ ಹೆಂಗಸಿಗೆ ಆ ಮಾತು ಎಷ್ಟು ಚುಚ್ಚಬೇಡ! ‘ನಿಮ್ಮ ಕೈ’ ಎನ್ನಬೇಡಿ, ‘ಎಲ್ಲರ ಕೈ’ ಎನ್ನಿ. ಶೌಚಾಲಯದ ಹೊರಗೆ, ಬೂದಿ ಇಡುವ ಜಾಗದಲ್ಲೇ, ಅವರಿಗೆ ಇಷ್ಟವಾದ ಸೋಪನ್ನು ನೀರು ಬಸಿಯುವ ಡಬ್ಬಿಯಲ್ಲಿಡಿ. ಬಾಟಲಿಯನ್ನು ನೀವೂ ಎತ್ತಿ ಕುಡಿಯಿರಿ. ಕುಡಿಯುವ ನೀರಿನ ಕೊಡಕ್ಕೆ ಚೊಂಬಿನ ಜೊತೆ ಬೆರಳೂ ಮುಳುಗುತ್ತಿದ್ದರೆ ಉದ್ದ ಹಿಡಿಯ ಸೌಟು ತನ್ನಿ. ಅದು ಅತ್ತೆಯ ಮಡಿಗೂ ಒಪ್ಪುತ್ತದೆ, ನಿಮ್ಮ ಚಿಂತೆಗೂ ಆಗುತ್ತದೆ.

ಪ್ರಶ್ನೆ: ಆರು ವರ್ಷದ ಮಗ ಮೂರು ಸೆಕೆಂಡಿನಲ್ಲಿ ಕೈ ತೊಳೆದು ಓಡುತ್ತಾನೆ. ನಿಜಕ್ಕೂ ಎಷ್ಟು ಹೊತ್ತು ತೊಳೆಯಬೇಕು? ಶಾಲೆಯಲ್ಲಿ ನಲ್ಲಿಯಿಲ್ಲ, ಡ್ರಮ್ಮು ಮತ್ತು ಮಗ್ಗು ಅಷ್ಟೇ. — ಗದಗ

ಉತ್ತರ: ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಎರಡರ ಮಗ್ಗಿ ‘ಎರಡೊಂದ್ಲೆ ಎರಡು’ವಿನಿಂದ ‘ಎರಡ್ಹತ್ಲೆ ಇಪ್ಪತ್ತು’ರ ತನಕ ನಿಧಾನವಾಗಿ ಹೇಳಿದರೆ ಸುಮಾರು ಅಷ್ಟು ಹೊತ್ತು ಆಗುತ್ತದೆ. ಕೈ ಒದ್ದೆ ಮಾಡಿ ಸೋಪು ಹಚ್ಚಿದ ಮೇಲೆ ಅಂಗೈ, ಮುಂಗೈ, ಬೆರಳ ಸಂದು ಉಜ್ಜಲಿ. ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಲಿ. ಕೊನೆಗೆ ಬೆರಳತುದಿ ಕೂಡಿಸಿ ಎದುರು ಅಂಗೈಯಲ್ಲಿ ಕೆರೆದಂತೆ ಉಜ್ಜಲಿ. ತಪ್ಪಿಹೋಗುವುದು ಹೆಬ್ಬೆರಳು ಮತ್ತು ಉಗುರ ಸಂದು. ಮುದ್ದೆ ಮುರಿಯುವುದು, ಅನ್ನ ಕಲಸುವುದು ಇದೇ ಬೆರಳತುದಿಯಲ್ಲಿ, ಆದ್ದರಿಂದ ಉಗುರು ಗಿಡ್ಡವಿರಲಿ.

ಮಗನಿಗೆ ಕಣ್ಣಾರೆ ತೋರಿಸಿ. ಅರ್ಧ ಚಮಚ ಅಡುಗೆ ಎಣ್ಣೆಗೆ ಚಿಟಿಕೆ ಚಕ್ಕೆಪುಡಿ ಬೆರೆಸಿ ಅವನ ಎರಡೂ ಕೈಗೆ ಸವರಿ, ಎಂದಿನಂತೆ ತೊಳೆಯಲು ಬಿಡಿ. ಪುಡಿ ಎಲ್ಲಿ ಉಳಿಯಿತೆಂದು ಅವನೇ ಹುಡುಕಲಿ. ಆಮೇಲೆ ಸೋಪು ಹಚ್ಚಿ ಮಗ್ಗಿ ಮುಗಿಯುವ ತನಕ ಉಜ್ಜಿ ತೊಳೆದು ಮತ್ತೆ ನೋಡಲಿ.

ಶಾಲೆಯಲ್ಲಿ ತೊಡಕು ಮಗ್ಗಿನದು. ಎಲ್ಲರ ಕೊಳೆ ಕೈಯೂ ಅದರೊಡನೆ ಡ್ರಮ್ಮಿಗೆ ಇಳಿಯುತ್ತದೆ. ಡ್ರಮ್ಮನ್ನು ಕಲ್ಲಿನ ಮೇಲೆ ಎತ್ತರಿಸಿ, ಬುಡದಲ್ಲಿ ತೂತು ಕೊರೆದು ಪ್ಲಾಸ್ಟಿಕ್ ನಲ್ಲಿ ಕೂರಿಸಿದರೆ ಆಯಿತು. ಸೋಪು ಕಳೆದುಹೋಗದಂತೆ ಬಲೆಚೀಲದಲ್ಲಿ ಹಾಕಿ ಪಕ್ಕಕ್ಕೆ ತೂಗುಬಿಡಿ. ಚೀಲದ ಮೇಲಿನಿಂದಲೇ ಉಜ್ಜಿದರೂ ನೊರೆ ಬರುತ್ತದೆ.

ತೊಳೆದ ಕೈ ಕೆಡುವುದು ಒರೆಸುವಾಗ. ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತದೆ, ಹಾಗಾಗಿ ಒರೆಸಲೇಬೇಕು. ಆದರೆ ಬೇಸಿನ್ ಪಕ್ಕ ವಾರಗಟ್ಟಲೆ ನೇತಾಡುವ ಹಸಿ ಟವೆಲ್ಲಿಗಿಂತ ಗಾಳಿಯಲ್ಲಿ ಆರಿಸುವುದೇ ವಾಸಿ.

ಪ್ರಶ್ನೆ: ಚೀಲದಲ್ಲಿ ಸ್ಯಾನಿಟೈಸರ್ ಇದ್ದರೆ ಸೋಪು ಬೇಕೇ? — ಮೈಸೂರು

ಉತ್ತರ: ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅದು ಅನುಕೂಲ. ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕು, ಕೈ ತಾನಾಗಿ ಒಣಗುವ ತನಕ ಉಜ್ಜಬೇಕು. ಜಿಡ್ಡು, ಮಣ್ಣು ಮೆತ್ತಿದ ಕೈಗೆ ಅದು ನಾಟುವುದಿಲ್ಲ. ವಾಂತಿಭೇದಿ ತರುವ ನೋರೋವೈರಸ್‌ನ ಮೇಲೆ ಸರಿಯಾಗಿ ಕೆಲಸ ಮಾಡದು, ಜಂತುಹುಳುವಿನ ಮೊಟ್ಟೆ ಅದಕ್ಕೆ ಬಗ್ಗದು. ಅಲ್ಲೆಲ್ಲ ಸೋಪು, ನೀರು ಬೇಕು. ಹಚ್ಚಿಕೊಂಡ ಕೈ ಒಣಗುವ ಮೊದಲು ಗ್ಯಾಸ್ ಹತ್ತಿಸಬೇಡಿ.

ಪ್ರಶ್ನೆ: ನಮ್ಮ ಯಜಮಾನರು ದಿನಕ್ಕೆ ಮೂವತ್ತು–ನಲವತ್ತು ಸಲ ಕೈ ತೊಳೆಯುತ್ತಾರೆ. ಚರ್ಮ ಬಿರಿದು ರಕ್ತ ಬರುತ್ತಿದೆ. ನಾವೂ ತೊಳೆಯದಿದ್ದರೆ ಕಿರುಚುತ್ತಾರೆ.

ಉತ್ತರ: ಇದನ್ನು ಶುಚಿತ್ವ ಎಂದುಕೊಂಡು ಸುಮ್ಮನಿರಬೇಡಿ. ಗೀಳು ಕಾಯಿಲೆಯ ಲಕ್ಷಣಗಳಿವು. ಕೊಳೆ ಇಲ್ಲವೆಂದು ಗೊತ್ತಿದ್ದರೂ ‘ಇದ್ದರೆ?’ ಎಂಬ ಯೋಚನೆ ಬಿಡುವುದಿಲ್ಲ. ತೊಳೆದ ಕೂಡಲೇ ಸಿಗುವ ಸಮಾಧಾನ ಸ್ವಲ್ಪ ಹೊತ್ತಿಗೇ ಕರಗುತ್ತದೆ, ಮತ್ತೆ ನಲ್ಲಿಯ ಹತ್ತಿರ ಹೋಗಬೇಕಾಗುತ್ತದೆ. ಬಿರಿದ ಚರ್ಮದಲ್ಲಿ ರೋಗಾಣು ಇನ್ನೂ ಸುಲಭವಾಗಿ ನೆಲೆಯಾಗುತ್ತದೆ.

ಬೈಯುವುದು, ನೀರು ನಿಲ್ಲಿಸುವುದು ಬೇಡ. ಹಾಗೆಂದು ಅವರ ಒತ್ತಾಯಕ್ಕೆ ಮನೆಮಂದಿಯೆಲ್ಲ ತೊಳೆಯುತ್ತಾ ಹೋದರೆ ಗೀಳು ಬಲಿಯುತ್ತದೆ. ‘ನಿಮಗೆ ಕಷ್ಟವಾಗುತ್ತಿದೆ, ವೈದ್ಯರನ್ನು ಕಾಣೋಣ’ ಎನ್ನಿ. ಚಿಕಿತ್ಸೆಯಲ್ಲಿ ಭಯ ಹುಟ್ಟಿಸುವ ವಸ್ತುವನ್ನು ಮುಟ್ಟಿಸಿ, ತೊಳೆಯುವುದನ್ನು ಮೊದಲು ಕೆಲವು ನಿಮಿಷ, ಆಮೇಲೆ ಇನ್ನೂ ಹೆಚ್ಚು ಹೊತ್ತು ಮುಂದೂಡಲು ಕಲಿಸುತ್ತಾರೆ. ಮಾತ್ರೆಯೂ ಬೇಕಾಗಬಹುದು. ಅದು ಹಿಡಿಯಲು ಎರಡು–ಮೂರು ತಿಂಗಳಾಗುತ್ತದೆ, ನಡುವೆ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಅಲ್ಲಿಯ ತನಕ ಪ್ರತಿ ಸಲ ಕೈ ಒರೆಸಿದ ಮೇಲೆ ವ್ಯಾಸಲೀನ್ ಹಚ್ಚಿಕೊಡಿ.